ಈ ವಾರ ಕ್ಯಾಲ್ಸಿಯಂ ಪರೀಕ್ಷೆ, ಮಾತ್ರೆಗಳ ಫೋಟೋ ಇರಲಿ

ಎಲ್ಲರಿಗೂ ನಮಸ್ಕಾರ. ಡಯಾಲಿಸಿಸ್‌ನ ಸೋಮ-ಬುಧ-ಶುಕ್ರ ಪಾಳಿಯವರಿಗೆ ಬುಧವಾರ, ಉಳಿದವರಿಗೆ ಗುರುವಾರ ಕ್ಯಾಲ್ಸಿಯಂ, ರಂಜಕ (ಫಾಸ್ಫರಸ್), ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ಹಿಡಿತದಲ್ಲಿಡುವ ಹಾರ್ಮೋನ್) ಪರೀಕ್ಷೆ ಇದೆ. ಡಯಾಲಿಸಿಸ್ ಶುರುವಾಗುವ ಮೊದಲೇ ರಕ್ತ ತೆಗೆಯುತ್ತಾರೆ, ಅರ್ಧ ಗಂಟೆ ಮುಂಚೆ ಬನ್ನಿ.

ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಫೋಟೋ ತನ್ನಿ. ಮೂಳೆ ನೋವಿಗೆ ಅಂತ ಮೆಡಿಕಲ್‌ನಿಂದ ನೀವೇ ತಂದುಕೊಂಡದ್ದೂ ಸೇರಿ, ಅದನ್ನೇ ಅಲ್ವಾ ಎಲ್ಲರೂ ಹೇಳಲು ಮರೆಯುವುದು! ಕ್ಯಾಲ್ಸಿಯಂ ಅಸಿಟೇಟ್ ಅಥವಾ ಕಾರ್ಬೊನೇಟ್ ಕೊಟ್ಟಿರುವುದು ಊಟದಲ್ಲಿನ ರಂಜಕ ಹಿಡಿಯುವುದಕ್ಕೆ, ಹಾಗಾಗಿ ಊಟದ ಜೊತೆಗೇ ನುಂಗಬೇಕು. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಆ ಕೆಲಸ ಆಗುವುದಿಲ್ಲ, ಕ್ಯಾಲ್ಸಿಯಂ ಸುಮ್ನೆ ರಕ್ತಕ್ಕೆ ಸೇರುತ್ತದೆ.

ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ ಅಂದರೆ, ಸ್ನಾಯು ಹಿಡಿದುಕೊಂಡರೆ ಕ್ಯಾಲ್ಸಿಯಂ ಕಮ್ಮಿ ಇರಬಹುದು. ಮಲಬದ್ಧತೆ, ವಾಕರಿಕೆ, ಮಂಕು ಇದ್ದರೆ ಜಾಸ್ತಿ ಇರಬಹುದು. ಎರಡಕ್ಕೂ ಬೇರೆ ಕಾರಣಗಳಿವೆ, ಆದರೂ ಸಿಸ್ಟರ್‌ಗೆ ತಕ್ಷಣ ಹೇಳಿ, ಪರೀಕ್ಷೆ ದಿನಕ್ಕೆ ಕಾಯಬೇಡಿ. ಮಾತ್ರೆಯನ್ನಾಗಲಿ ಡಯಾಲಿಸಿಸ್ ದ್ರಾವಣದ ಕ್ಯಾಲ್ಸಿಯಂ ಮಟ್ಟವನ್ನಾಗಲಿ ಬದಲಿಸುವುದು ರಿಪೋರ್ಟ್ ನೋಡಿ ಡಾಕ್ಟರೇ.

ರಾಗಿ ಮುದ್ದೆ ತಿನ್ನಬಹುದಾ ಅಂತ ಮೂರು ಜನ ಕೇಳಿದ್ದೀರಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ರಂಜಕವೂ ಇದೆ. ಎಷ್ಟು ತಿನ್ನಬಹುದು ಅಂತ ಡಯೆಟಿಷಿಯನ್ ಹತ್ತಿರವೇ ಕೇಳಿ.

ಬರುವವರು ಹೆಸರು, ಪಾಳಿ ಇಲ್ಲೇ ಹಾಕಿ. ಮೆಸೇಜ್ ನೋಡದ ಹಿರಿಯರಿಗೆ ಮನೆಯವರು ದಯವಿಟ್ಟು ತಿಳಿಸಿ.