ಸೀನು, ದಮ್ಮು ಇರೋ ಮಕ್ಕಳ ಮನೆಯವರಿಗೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಧೂಳನ್ನು ತಡೆಯೋದು ನಮ್ಮ ಕೈಯಲ್ಲಿಲ್ಲ, ಮಗು ಮಲಗೋ ಕೋಣೆ ಮಾತ್ರ ನಮ್ಮ ಕೈಯಲ್ಲಿದೆ.

ಮೊದಲು ಕೌದಿ ನೋಡಿ. ಅಜ್ಜಿ ಹಳೇ ಸೀರೆ ಪದರ ಪದರ ಸೇರಿಸಿ ಹೊಲಿದದ್ದು, ಪ್ರೀತಿಯ ವಸ್ತು, ಒಪ್ಪಿದೆ. ಆದರೆ ಅದೇ ಪದರಗಳಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಸೇರಿಕೊಳ್ತವೆ. ಸೀನು ಬರಿಸೋದು ಹೆಚ್ಚಾಗಿ ಅವುಗಳ ಹಿಕ್ಕೆ. ಬಿಸಿಲಿಗೆ ಹಾಕಿದರೂ ಹಿಕ್ಕೆ ಅಲ್ಲೇ ಉಳಿಯುತ್ತೆ, ಒಗೆಯಲೇಬೇಕು. ಹಾಸಿಗೆ ಬಟ್ಟೆ, ದಿಂಬಿನ ಕವರ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಪ್ರತಿ ವಾರ ಕೌದಿ ಒಗೆಯೋದು ಆಗದ ಮಾತು; ಮಗುವಿಗೆ ಹತ್ತಿ ಚಾದರ ಸಾಕು.

ಒಣ ಕಸಬರಿಗೆ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಕೂಲರ್ ನೀರು ಬದಲಿಸ್ತಾ ಇರಿ, ಹುಲ್ಲಿನ ಪ್ಯಾಡಿಗೆ ಬೂಷ್ಟು ಹಿಡಿದಿದ್ದರೆ ತೆಗೆದುಹಾಕಿ. ಮನೆಯಲ್ಲೇ ಜೀನ್ಸ್ ಹೊಲಿಯುವವರು ಮಷೀನನ್ನು ಮಗು ಮಲಗೋ ಕೋಣೆಯಿಂದ ಹೊರಗಿಡಿ. ಸೊಳ್ಳೆಬತ್ತಿ ಬದಲು ಸೊಳ್ಳೆಪರದೆ ಕಟ್ಟಿ. ಊದಿನಕಡ್ಡಿ ಹೊಗೆಯೂ ಬೇಡ; ಹಾಗಂದಿದ್ದಕ್ಕೆ ನಮ್ಮತ್ತೆ ಎರಡು ದಿನ ಮಾತು ಬಿಟ್ಟಿದ್ದರು, ಈಗ ಬರೀ ದೀಪ ಹಚ್ತಾರೆ!

ಮೆಣಸಿನಕಾಯಿ ಹುರಿಯುವಾಗ ಮಕ್ಕಳನ್ನು ಹೊರಗೆ ಕಳಿಸಿ. ಮನೆ ಚೊಕ್ಕಟಾಯ್ತು ಅಂತ ಡಾಕ್ಟರ್ ಕೊಟ್ಟ ಇನ್‌ಹೇಲರ್ ಮಾತ್ರ ನೀವಾಗೇ ನಿಲ್ಲಿಸಬೇಡಿ.