ಟೋಕನ್ ನಂಬರ್ 17: ನಲವತ್ತೆರಡು ರೊಟ್ಟಿಯ ಲೆಕ್ಕ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: 2025ರ ಜನವರಿ 13ರಿಂದ 15ರವರೆಗಿನ ಗೋಕರ್ಣ ಕ್ಯಾಂಪಿಂಗ್ ಪ್ಯಾಕೇಜ್, ಗೇಟಿನಲ್ಲಿ ನಮ್ಮ ಬುತ್ತಿ ಬಿಚ್ಚಿಸಿದ್ದು ಮತ್ತು 11 ರೊಟ್ಟಿ ಕಡಿಮೆ ಬಂದಿದ್ದು.

ಮಾನ್ಯರೆ,

ಏಪ್ರಿಲ್ 4ರ ಸಂಜೆ ನನ್ನ ದೂರಿನ ಬಗ್ಗೆ ನಿಮ್ಮಿಂದ ಒಂದು ಮೆಸೇಜ್ ಬಂತು. "ನಿಮ್ಮ ಟಿಕೆಟ್ ಕ್ಲೋಸ್ ಆಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?" ನಾನು 31 ವರ್ಷ ಕಂಡಕ್ಟರ್ ಆಗಿದ್ದವನು. ಮೊದಲು ಕೆಎಸ್‌ಆರ್‌ಟಿಸಿ, 1997ರ ನಂತರ ವಾಯವ್ಯ ಸಾರಿಗೆ. ಟಿಕೆಟ್ ಅಂದರೆ ಏನು ಅಂತ ನನಗೆ ಹೇಳಿಕೊಡುವುದು ಬೇಡ. ಪ್ರಯಾಣಿಕ ತನ್ನ ಊರಲ್ಲಿ ಇಳಿಯುವ ತನಕ ಟಿಕೆಟ್ ಕ್ಲೋಸ್ ಆಗುವುದಿಲ್ಲ. ನಾನು ಇನ್ನೂ ಬಸ್ಸಿನಲ್ಲೇ ಇದ್ದೇನೆ.

ಸಮಾಧಾನದಿಂದ ಬರೆಯಬೇಕು, ಕೊಂಕು ಮಾತು ಬೇಡ ಅಂತ ಮಗಳು ಹೇಳಿದ್ದಾಳೆ. ಪ್ರಯತ್ನ ಮಾಡುತ್ತೇನೆ.

ನಾವು ಆರು ಜನ. ನಾನು, ನನ್ನ ಹೆಂಡತಿ, ಮಗಳು, ಅಳಿಯ, ಒಂಬತ್ತು ವರ್ಷದ ಮೊಮ್ಮಗಳು, ಐದು ವರ್ಷದ ಮೊಮ್ಮಗ. ದೊಡ್ಡವರಿಗೆ ತಲೆಗೆ 3,800, ಮಕ್ಕಳಿಗೆ ಅರ್ಧ. ಒಟ್ಟು 19,000 ರೂಪಾಯಿ ಮುಂಗಡವಾಗಿಯೇ ಕಟ್ಟಿಸಿಕೊಂಡಿರಿ. (ನಮ್ಮ ಬಸ್ಸಿನಲ್ಲಾದರೆ ಐದು ವರ್ಷದವನಿಗೆ ಟಿಕೆಟ್ಟೇ ಇಲ್ಲ. ಇರಲಿ, ನಿಮ್ಮ ನಿಯಮ ನಿಮ್ಮದು.) "ಕಾಡು, ಕಡಲು, ಟೆಂಟು, ಚಾರಣ, ಎಲ್ಲಾ ಒಂದೇ ಪ್ಯಾಕೇಜಿನಲ್ಲಿ" ಅಂತ ನಿಮ್ಮ ಜಾಹೀರಾತಿನಲ್ಲಿತ್ತು. ಸಂಕ್ರಮಣಕ್ಕೆ ನದಿಗೆ ಹೋಗಿ ಸ್ನಾನ ಮಾಡಿ, ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚುವುದು ನಮ್ಮ ಕಡೆಯ ಪದ್ಧತಿ. ಪ್ರತಿ ವರ್ಷ ಮಲಪ್ರಭೆಗೆ ಹೋಗುತ್ತಿದ್ದೆವು. ಈ ಸಲ ಮಕ್ಕಳಿಗೆ ಸಮುದ್ರ ತೋರಿಸೋಣ, ಅಲ್ಲೇ ಸ್ನಾನ, ಅಲ್ಲೇ ಬುತ್ತಿ ಅಂದುಕೊಂಡೆವು. ಬುಕ್ ಮಾಡುವಾಗ ಇದನ್ನೆಲ್ಲಾ ಫೋನಿನಲ್ಲಿ ನಿಮ್ಮ ಹುಡುಗಿಗೆ ವಿವರಿಸಿದ್ದೆ. "ವಾವ್ ಅಂಕಲ್, ಸೋ ನೈಸ್" ಅಂದಿದ್ದಳು. ಕರೆ ರೆಕಾರ್ಡ್ ಆಗುತ್ತದೆ ಅಂತ ನೀವೇ ಮೊದಲಿಗೆ ಹೇಳುತ್ತೀರಲ್ಲ, ತೆಗೆದು ಕೇಳಿ.

ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ, ಅಲ್ಲಿಂದ ಗೋಕರ್ಣ. ಬಸ್ಸು ಚೆನ್ನಾಗಿ ಬಂತು. ತೊಂದರೆ ಶುರುವಾಗಿದ್ದು ನಿಮ್ಮ ಗೇಟಿನಲ್ಲಿ.

13ರ ಮಧ್ಯಾಹ್ನ ಎರಡೂವರೆ. ಗಾಳಿಮರಗಳ ಕೆಳಗೆ ಒಂದು ಟೇಬಲ್, ಹಿಂದೆ ನಿಮ್ಮ ಟಿ-ಶರ್ಟ್ ಹಾಕಿದ ಹುಡುಗ. ಆರೂ ಜನರ ಆಧಾರ್ ನೋಡಿದ. ಆಮೇಲೆ ನನ್ನ ಹೆಂಡತಿಯ ಕೈಯಲ್ಲಿದ್ದ ಗಂಟಿನ ಕಡೆ ಬೆರಳು ಮಾಡಿದ.

"ಅಂಕಲ್, ಔಟ್‌ಸೈಡ್ ಫುಡ್ ಅಲೌಡ್ ಇಲ್ಲ."

ಹಬ್ಬದ ಬುತ್ತಿ ಅಂದೆ. ನಿಮ್ಮ ಆಫೀಸಿಗೆ ಮೊದಲೇ ಹೇಳಿದ್ದೇವೆ ಅಂದೆ. ಹುಡುಗ ಕೇಳಲಿಲ್ಲ. "ಓಪನ್ ಮಾಡಿ" ಅಂದ.

ನನ್ನ ಹೆಂಡತಿ ಗಂಟು ಬಿಚ್ಚಿದಳು. ಬಿಳಿ ಪಂಚೆಯ ತುಂಡು, ನಾಲ್ಕು ಮೂಲೆ ಸೇರಿಸಿ ಎರಡು ಗಂಟು. ಮೇಲೆ ಸಜ್ಜಿ ರೊಟ್ಟಿ, ಎಳ್ಳು ಹಚ್ಚಿದ್ದು, ಅಪ್ಪಳದಂತೆ ಕಡಕ್. ಮುರಿಯಬಾರದು ಅಂತ ಹುಬ್ಬಳ್ಳಿಯಿಂದ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳು. ಕೆಳಗೆ ನಾಲ್ಕು ಸ್ಟೀಲ್ ಡಬ್ಬಿ. ಹುಡುಗ ಒಂದೊಂದನ್ನೇ ತೆರೆದ.

"ಇದು ಏನ್ ಪೌಡರ್?"

"ಪೌಡರ್ ಅಲ್ಲಪಾ. ಶೇಂಗಾ ಹಿಂಡಿ."

"ಇದು?"

"ಗುರೆಳ್ಳ ಹಿಂಡಿ."

"ಗುರ... ವಾಟ್?" ಅಂದವನು ಡಬ್ಬಿಯನ್ನು ಮೂಗಿಗೆ ಹಿಡಿದ, ಸೀನಿದ. ಡಬ್ಬಿಯ ಮೇಲೇ. ನಮ್ಮ ಹಿಂದೆ ಸಾಲಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಒಬ್ಬನ ಹೆಗಲಿಗೆ ಗಿಟಾರ್, ಒಬ್ಬಳ ಕೈಯಲ್ಲಿ ಸಣ್ಣ ನಾಯಿ. ಯಾರೋ ನಕ್ಕರು. ಯಾರೋ ಫೋನ್ ಎತ್ತಿ ಫೋಟೊ ತೆಗೆದರು. ನನ್ನ ಹೆಂಡತಿ ಸೆರಗು ಸರಿ ಮಾಡಿಕೊಂಡು ಪಕ್ಕಕ್ಕೆ ನಿಂತಳು. ಮೊಮ್ಮಗಳು ಅವಳ ಕೈ ಹಿಡಿದು, "ಅಜ್ಜಿ, ನಾವು ಏನಾದ್ರೂ ಕದ್ದೀವಾ?" ಅಂತ ಕೇಳಿದಳು.

ಆಮೇಲೆ ನಿಮ್ಮ ಹುಡುಗ ರೊಟ್ಟಿ ಎಣಿಸಲು ಕೂತ. ಬೆರಳಿಗೆ ಎಂಜಲು ಹಚ್ಚಿಕೊಂಡು, ನೋಟು ಎಣಿಸುವ ಹಾಗೆ. ಇಪ್ಪತ್ತರ ಹತ್ತಿರ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು. ರಿಜಿಸ್ಟರಿನಲ್ಲಿ ಅವನು ಬರೆದದ್ದು ನನ್ನ ಹತ್ತಿರ ಫೋಟೊ ಇದೆ: "ಬ್ರೆಡ್ 42 ನಂ., ಬ್ರೌನ್ ಪೌಡರ್ 1, ಬ್ಲ್ಯಾಕ್ ಪೌಡರ್ 1, ಸ್ವೀಟ್ ಪೌಡರ್ 1, ಆಯಿಲಿ ವೆಜಿಟೇಬಲ್ 1." ಸ್ವೀಟ್ ಪೌಡರ್ ಅಂದರೆ ಮಾದಲಿ. ಆಯಿಲಿ ವೆಜಿಟೇಬಲ್ ಅಂದರೆ ಬದನೆಕಾಯಿ ಎಣ್ಣೆಗಾಯಿ. ಕೈಗೆ ಪ್ಲಾಸ್ಟಿಕ್ ಟೋಕನ್ ಕೊಟ್ಟ, ನಂಬರ್ 17. ಪಕ್ಕದ ರ‍್ಯಾಕಿನಲ್ಲಿ ಚಪ್ಪಲಿಗೂ ಅದೇ ಬಣ್ಣದ ಟೋಕನ್ ಕೊಡುತ್ತಿದ್ದರು.

ಒಂದು ಮಾತು ಹೇಳಿಬಿಡುತ್ತೇನೆ. ನಾನು ನಿಯಮ ಗೊತ್ತಿಲ್ಲದವನಲ್ಲ. ಬಸ್ಸಿನಲ್ಲಿ ಕೋಳಿಗೂ ಟಿಕೆಟ್ ಹರಿದವನು. ಬನಶಂಕರಿ ಜಾತ್ರೆಯ ಸ್ಪೆಷಲ್ ಬಸ್ಸಿಗೆ ಡ್ಯೂಟಿ ಹಾಕಿದಾಗ ಒಂದೊಂದು ಮನೆಯವರು ಅರ್ಧ ಅಡುಗೆಮನೆ ಹೊತ್ತು ಹತ್ತುತ್ತಿದ್ದರು. ಲಗೇಜ್ ಜಾಸ್ತಿ ಆದರೆ ದುಡ್ಡು ತೆಗೆದುಕೊಂಡಿದ್ದೇನೆ, ಜಗಳ ಆಡಿದ್ದೇನೆ. ಆದರೆ 31 ವರ್ಷದಲ್ಲಿ ಯಾರ ಬುತ್ತಿ ಗಂಟನ್ನೂ ಬಿಚ್ಚಿಸಲಿಲ್ಲ.

ಟೆಂಟಿನ ವಿಷಯ ಜಾಸ್ತಿ ಬರೆಯುವುದಿಲ್ಲ. "ಸೀ ವ್ಯೂ" ಟೆಂಟಿನ ಬಾಗಿಲು ತೆರೆದರೆ ಜನರೇಟರ್ ಕಾಣಿಸುತ್ತಿತ್ತು. "ಬೀಚಿಗೆ 2 ನಿಮಿಷ" ಅಂದಿದ್ದಿರಿ. ಗುಡ್ಡ ಇಳಿಯಲು ನಮಗೆ 25 ನಿಮಿಷ ಹಿಡಿಯಿತು. ಎರಡು ನಿಮಿಷ ಬಹುಶಃ ಬಿದ್ದು ಉರುಳಿಕೊಂಡು ಹೋಗುವವರಿಗೆ.

ಗೋಕರ್ಣದ್ದೇನೂ ತಪ್ಪಿಲ್ಲ. 14ರ ಬೆಳಿಗ್ಗೆ ಓಂ ಬೀಚಿನಲ್ಲಿ ಸಂಕ್ರಮಣದ ಸ್ನಾನ ಆಯಿತು. ಎರಡು ಅರ್ಧಚಂದ್ರ ಕೂಡಿಸಿದ ಹಾಗೆ ದಂಡೆ, ನಡುವೆ ಕರಿ ಬಂಡೆ. ಮೇಲಿಂದ ನೋಡಿದರೆ ನಿಜವಾಗಿ ಓಂ ಬರೆದ ಹಾಗೇ ಇದೆ. ಮಕ್ಕಳು ನೀರಿನಿಂದ ಹೊರಗೆ ಬರಲೇ ಒಲ್ಲರು. ಐದು ವರ್ಷದವನು ಒಂದು ಅಂಗೈ ನೀರು ನೆಕ್ಕಿ, "ಅಜ್ಜಾ, ಯಾರೋ ಉಪ್ಪು ಹಾಕ್ಯಾರ" ಅಂದ. ಸ್ನಾನ ಮಾಡಿ ದಂಡೆಯ ಮೇಲೆ ಕೂತೆವು. ಬಿಚ್ಚಲು ಬುತ್ತಿ ಇರಲಿಲ್ಲ, ಟೋಕನ್ ಇತ್ತು. ಕ್ಯಾಂಪಿಗೆ ಹತ್ತಿ ಹೋಗಿ, ತಣ್ಣಗಾದ ಪಾಸ್ತಾ ತಿಂದು ಸಂಕ್ರಮಣ ಮಾಡಿದೆವು. ಮಕ್ಕಳಿಗೆ ಅದು ಸೇರಲಿಲ್ಲ, ಎರಡು ಮ್ಯಾಗಿ ತರಿಸಿದೆವು. ನಾಲ್ಕು ಚಹಾ ಸೇರಿ 640 ರೂಪಾಯಿ, ಅದರ ಮೇಲೆ ಸರ್ವಿಸ್ ಚಾರ್ಜ್ 64. ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಹೋಟೆಲಿನವರಿಗೆ ಹೇಳಿದ್ದು ನೀವೂ ಪೇಪರಿನಲ್ಲಿ ಓದಿರುತ್ತೀರಿ.

ಇನ್ನು ಚಾರಣ. "ಅನುಭವಿ ಗೈಡ್ ಜೊತೆ ಓಂ, ಹಾಫ್ ಮೂನ್, ಪ್ಯಾರಡೈಸ್." ಅನುಭವಿ ಗೈಡ್ ಓಂ ಬೀಚಿನ ತುದಿಯ ತನಕ ಬಂದ. "ಸ್ಟ್ರೈಟ್ ಹೋಗಿ, ದಾರಿ ಕಾಣುತ್ತೆ" ಅಂತ ಹೇಳಿ ವಾಪಸ್ ಹೋದ. ಹಾಫ್ ಮೂನ್ ತನಕ ಗುಡ್ಡದ ಮೇಲಿನ ದಾರಿ. ಮರದ ನೆರಳು, ಕೆಳಗೆ ಸಮುದ್ರದ ಸದ್ದು, ಮೊಮ್ಮಗನನ್ನು ಅಳಿಯ ಹೆಗಲ ಮೇಲೆ ಹೊತ್ತ. ಹೇಗೋ ಮುಟ್ಟಿದೆವು. ಮುಂದೆ ಬಂಡೆ ಹತ್ತಿ ಇಳಿಯಬೇಕು. ಆಗ ಹನ್ನೊಂದು ಗಂಟೆ, ಅಲೆ ಬಂಡೆಯ ಮೇಲೇ ಹೊಡೆಯುತ್ತಿತ್ತು. ಅಲ್ಲಿ ಬಲೆ ಬಿಡಿಸುತ್ತಾ ಕೂತಿದ್ದ ಮೀನುಗಾರರೊಬ್ಬರು ನಮ್ಮನ್ನು ನೋಡಿ ಕೈ ಅಡ್ಡ ಮಾಡಿದರು. "ನಿನ್ನೆ ಹುಣ್ಣಿಮೆ. ಈಗ ನೀರು ಭರ್ತಿ ಅದೆ. ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೊರಟಿರಿ?" ಅಂದರು.

ಹಿಂದಿನ ದಿನ ಬನದ ಹುಣ್ಣಿಮೆ. ಬನಶಂಕರಿಯ ತೇರು ಅವತ್ತೇ, ಯಾವತ್ತು ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಸಮುದ್ರ ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ ಅನ್ನುವುದು ಬಯಲುಸೀಮೆಯ ನನಗೆ ಅವತ್ತು ಗೊತ್ತಾಯಿತು. ಸಮುದ್ರದ ದಂಡೆಯ ಮೇಲೆ ವ್ಯಾಪಾರ ಮಾಡುವ ನಿಮಗೆ ಯಾವತ್ತು ಗೊತ್ತಾಗುತ್ತದೆ? ಆರು ತಾಸು ಬಿಟ್ಟು ಹೊರಡಿಸಿದ್ದರೆ ನೀರು ಇಳಿದಿರುತ್ತಿತ್ತು. ನಮ್ಮ ಡಿಪೋದಲ್ಲಿ ಬಸ್ ಬಿಡುವುದಕ್ಕೆ ಟೈಮ್ ಕೀಪರ್ ಅಂತ ಒಬ್ಬರು ಇರುತ್ತಾರೆ. ನಿಮ್ಮಲ್ಲಿ ಆ ಕೆಲಸಕ್ಕೂ ರೊಟ್ಟಿ ಎಣಿಸುವ ಹುಡುಗನನ್ನೇ ಹಾಕಿದ್ದೀರೋ ಏನೋ. ನಾವು ವಾಪಸ್ ಬಂದೆವು. ಪ್ಯಾರಡೈಸ್ ನೋಡಲಿಲ್ಲ.

15ರ ಬೆಳಿಗ್ಗೆ ಟೋಕನ್ 17 ಕೊಟ್ಟು ಗಂಟು ಕೇಳಿದೆ. ನಾವು ಕಟ್ಟಿದ ಗಂಟಾಗಿರಲಿಲ್ಲ ಅದು, ಯಾರೋ ಶೂ ಲೇಸ್ ಕಟ್ಟಿದ ಹಾಗಿತ್ತು. ಬಿಚ್ಚಿ ಎಣಿಸಿದೆವು. ಮೂವತ್ತೊಂದು. ಅಳಿಯ ಎಣಿಸಿದರು, ಮೂವತ್ತೊಂದು. ಶೇಂಗಾ ಹಿಂಡಿಯ ಡಬ್ಬಿ ಅರ್ಧ ಖಾಲಿ. ಮಾದಲಿ ಡಬ್ಬಿ ಪೂರ್ತಿ ಖಾಲಿ, ತೊಳೆದೂ ಇಟ್ಟಿದ್ದರು. ಎಣ್ಣೆಗಾಯಿ ಮಾತ್ರ ಯಾರೂ ಮುಟ್ಟಿರಲಿಲ್ಲ, ಹಳಸಿಹೋಗಿತ್ತು.

"ಹನ್ನೊಂದು ರೊಟ್ಟಿ ಎಲ್ಲಿ?" ಅಂತ ಕೇಳಿದೆ.

"ಸೆಟಲ್ ಆಗಿರ್ಬೇಕು ಅಂಕಲ್."

ಅಕ್ಕಿ, ಬೇಳೆ ಅಲುಗಾಡಿದರೆ ಡಬ್ಬಿಯಲ್ಲಿ ಕೆಳಗೆ ಕೂರುತ್ತವೆ. ರೊಟ್ಟಿ ಹೇಗೆ ಸೆಟಲ್ ಆಗುತ್ತದೆ? ನಾನು ದನಿ ಎತ್ತಿದೆ. ಆಗ ನಿಮ್ಮ ಮ್ಯಾನೇಜರ್ ಬಂದರು. ಅದೇ ಸಾಲು, ಅದೇ ಜನ. "ಸರ್, ಇಷ್ಟು ಸಣ್ಣ ವಿಷಯಕ್ಕೆ ಸೀನ್ ಮಾಡಬೇಡಿ, ಬೇಕಾದ್ರೆ ಹನ್ನೊಂದು ರೊಟ್ಟಿ ದುಡ್ಡು ಕೊಡ್ತೀವಿ, ಎಷ್ಟು, ಹತ್ತು ರೂಪಾಯಿಗೆ ಒಂದಾ?" ಅಂತ ಪರ್ಸ್ ತೆಗೆದರು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಒಬ್ಬ ಹುಡುಗ ತಲೆ ಹೊರಗೆ ಹಾಕಿ, "ಆಂಟಿ, ಆ ಬ್ರೌನ್ ಪೌಡರ್ ಸೂಪರ್" ಅಂದ. ನನ್ನ ಹೆಂಡತಿ ಅವನನ್ನು ನೋಡಿ, "ಕೇಳಿದ್ರ ನಾನೇ ಕೊಡ್ತಿದ್ದೆನಲ್ಲೋ ತಮ್ಮಾ" ಅಂದಳು. ಬಸ್ ಹತ್ತುವ ತನಕ ಮತ್ತೆ ಮಾತಾಡಲಿಲ್ಲ.

ವೇಬಿಲ್‌ನಲ್ಲಿ (ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ಹಾಳೆ) ಹನ್ನೊಂದು ಟಿಕೆಟ್ ವ್ಯತ್ಯಾಸ ಬಂದಿದ್ದರೆ ಚೆಕಿಂಗ್‌ನವರು ನನ್ನನ್ನು ದಾರಿಯಲ್ಲೇ ಹಿಡಿದು ಮೆಮೊ ಕೊಡುತ್ತಿದ್ದರು. ನಿಮ್ಮ ರಿಜಿಸ್ಟರಿನಲ್ಲಿ ಒಳಗೆ 42, ಹೊರಗೆ 31. ಯಾರಿಗೆ ಮೆಮೊ ಕೊಟ್ಟಿರಿ?

ಆಮೇಲೆ ಒಂಬತ್ತು ಸಲ ಫೋನ್ ಮಾಡಿದೆ, ಒಂದು ಸಲವೂ ಏರಿದ ದನಿಯಲ್ಲಿ ಮಾತಾಡಲಿಲ್ಲ. ನಾಲ್ಕು ಸಲ ಹಿಂದಿಯಲ್ಲಿ ಉತ್ತರ ಬಂತು. ಎರಡು ಸಲ ಸಂಗೀತ ಮಾತ್ರ. ಒಬ್ಬರು "ಸಾರ್, ಫುಡ್ ಕ್ವಾಲಿಟಿ ಕಂಪ್ಲೇಂಟಾ?" ಅಂದರು. ಹೌದಪ್ಪ, ನಮ್ಮ ಫುಡ್ ಕ್ವಾಲಿಟಿ ಜಾಸ್ತಿ ಚೆನ್ನಾಗಿತ್ತು, ಅದೇ ತೊಂದರೆ ಅಂದೆ. ಕೊನೆಗೆ ಒಂದು ಕೂಪನ್ ಕಳಿಸಿದಿರಿ, ಮುಂದಿನ ಬೀಚ್ ಕ್ಯಾಂಪಿಂಗಿಗೆ 10% ರಿಯಾಯಿತಿ. ಜೂನ್ 1ರಿಂದ ಆಗಸ್ಟ್ 31ರೊಳಗೆ ಬಳಸಬೇಕು. ಜೂನ್, ಜುಲೈ ಎರಡು ತಿಂಗಳು ಈ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯುವಂತಿಲ್ಲ, 61 ದಿನ ನಿಷೇಧ ಇದೆ. ಆ ಮಳೆಯಲ್ಲಿ ನಾನು ಮೊಮ್ಮಕ್ಕಳನ್ನು ಕರೆದುಕೊಂಡು ಟೆಂಟಿನಲ್ಲಿ ಮಲಗಬೇಕು, ಅದೂ ದುಡ್ಡು ಕೊಟ್ಟು. ಕೂಪನ್ ಕಳಿಸಿದ ಮೇಲೆ ಟಿಕೆಟ್ ಕ್ಲೋಸ್.

ನನಗೆ ನಿಮ್ಮ 19,000 ವಾಪಸ್ ಬೇಡ. ಬೇಡ ಅಂದರೆ, ಕೊಟ್ಟರೆ ತೆಗೆದುಕೊಳ್ಳುತ್ತೇನೆ, ಆದರೆ ಪತ್ರ ಬರೆದದ್ದು ಅದಕ್ಕಲ್ಲ. ನನ್ನ ಹೆಂಡತಿಯ ಹೆಸರಿಗೆ, ಕನ್ನಡದಲ್ಲಿ, ನಿಮ್ಮ ಲೆಟರ್‌ಹೆಡ್ಡಿನ ಮೇಲೆ ಒಂದು ಪತ್ರ ಬೇಕು. ಅದರಲ್ಲಿ "ಹನ್ನೊಂದು ರೊಟ್ಟಿ, ಅರ್ಧ ಡಬ್ಬಿ ಶೇಂಗಾ ಹಿಂಡಿ ಮತ್ತು ಒಂದು ಡಬ್ಬಿ ಮಾದಲಿ ನಾವು ತಿಂದೆವು" ಅಂತ ಇರಬೇಕು. "ಅನಾನುಕೂಲಕ್ಕೆ ವಿಷಾದಿಸುತ್ತೇವೆ" ಅಂತ ಬರೆದರೆ ಹಾಗೇ ವಾಪಸ್ ಕಳಿಸುತ್ತೇನೆ.

ಹದಿನೈದು ದಿನ ಕೊಟ್ಟಿದ್ದೇನೆ. ಆಮೇಲೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದ ತನಕ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಎರಡು ವರ್ಷದ ಗಡುವು ಇದೆ, ಅಂದರೆ 2027ರ ಜನವರಿಯ ತನಕ ನನಗೆ ಕೆಲಸ ಸಿಕ್ಕಿತು. ಗ್ರಾಹಕರ ಸಹಾಯವಾಣಿ 1915ಕ್ಕೆ ದಿನಾ ಬೆಳಿಗ್ಗೆ ಚಹಾ ಕುಡಿದು ಒಂದು ಕರೆ ಮಾಡುತ್ತೇನೆ. "ಬೀಚಿಗೆ 2 ನಿಮಿಷ" ಅನ್ನುವ ನಿಮ್ಮ ಬೋರ್ಡಿನ ಫೋಟೊ, ಪಕ್ಕದಲ್ಲಿ ನನ್ನ ವಾಚಿನ ಫೋಟೊ, ಎರಡೂ ಲಗತ್ತಿಸುತ್ತೇನೆ.

ಇಷ್ಟಕ್ಕೂ ಜಗ್ಗಲಿಲ್ಲ ಅಂದರೆ ಇನ್ನೊಂದು ದಾರಿ ಇದೆ. ಅದು ನನ್ನದಲ್ಲ, ನನ್ನ ಹೆಂಡತಿಯದು. ನಿಮ್ಮ ಗೇಟಿನ ಹೊರಗೆ ಚಾಪೆ ಹಾಸಿ ಕೂತು, ಬಂದ ಗಿರಾಕಿಗಳಿಗೆಲ್ಲಾ ರೊಟ್ಟಿ, ಶೇಂಗಾ ಹಿಂಡಿ ಪುಕ್ಕಟೆ ಹಂಚುತ್ತಾಳಂತೆ. ಗೇಟಿನ ಹೊರಗಿನ ಜಾಗ ನಿಮ್ಮದಲ್ಲ, ವಿಚಾರಿಸಿದ್ದೇನೆ. ಹಿಟ್ಟು ಈಗಾಗಲೇ ಬೀಸಿಸಿ ಇಟ್ಟಿದ್ದಾಳೆ. ನನಗಾದರೆ ಬಸ್ಸಿಗೆ ಖರ್ಚು ಬರುತ್ತದೆ. ಅವಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಶೂನ್ಯ ಟಿಕೆಟ್. ವಾರಕ್ಕೆ ಎರಡು ಸಲ ಬರಬಲ್ಲಳು.

ಇಂತಿ,
ಟೋಕನ್ ನಂಬರ್ 17
(ನಿವೃತ್ತ ನಿರ್ವಾಹಕ, ಹುಬ್ಬಳ್ಳಿ)
ಏಪ್ರಿಲ್ 7, 2025

ಲಗತ್ತು: ರಿಜಿಸ್ಟರ್ ಪುಟದ ಫೋಟೊ, 704 ರೂಪಾಯಿಯ ಬಿಲ್, ಬಳಸದ ಕೂಪನ್. ಟೋಕನ್ ನಿಮ್ಮ ಹುಡುಗ ವಾಪಸ್ ಕಸಿದುಕೊಂಡಿದ್ದಾನೆ.