ಶನಿವಾರ ಬಾಗಿಲು ತೆರೆಯದ ಜಾಗಕ್ಕೆ ಶನಿವಾರದ ವೋಚರ್

ಇವರಿಗೆ,
ಮ್ಯಾನೇಜರ್, ಗ್ರಾಹಕರ ದೂರು ವಿಭಾಗ,
ಬೆಂಗಳೂರು ಕಚೇರಿ

ವಿಷಯ: ಪ್ರಾಗ್ ನಗರದ ಒಂದು ದಿನದ ‘ಸೋಲೋ ಪ್ಲ್ಯಾನ್’ ಬಗ್ಗೆ ದೂರು ಮತ್ತು ಹಣ ವಾಪಸ್ ಕೊಡುವ ಕುರಿತು

ಮಾನ್ಯರೇ,

ನಿಮ್ಮ ಆ್ಯಪ್‌ನಲ್ಲಿ ನಾನು ಚೆಕ್ ದೇಶದ ಪ್ರಾಗ್ ನಗರಕ್ಕೆ ಒಂದು ದಿನದ ‘ಸೋಲೋ ಪ್ಲ್ಯಾನ್’ ತಗೊಂಡಿದ್ದೆ. ಗಂಟೆಗಂಟೆಯ ವೇಳಾಪಟ್ಟಿ, ಒಳಗೆ ಹೋಗಲು ವೋಚರ್, ಮಧ್ಯಾಹ್ನಕ್ಕೆ ಸಸ್ಯಾಹಾರಿ ಊಟ, ಫೋನಿನಲ್ಲಿ ಕೇಳುವ ಆಡಿಯೋ ಗೈಡ್, ಎಲ್ಲ ಸೇರಿ ಒಂದೇ ರೇಟು. ಬುಕ್ ಮಾಡುವಾಗ ಆ್ಯಪ್ ಮೊದಲು ಕೇಳಿದ್ದೇ ತಾರೀಖು. ಅದನ್ನು ನೋಡಿ ವೋಚರ್ ಮೇಲೆ ‘ಶನಿವಾರ’ ಅಂತ ಹಾಕಿದವರು ನೀವೇ.

ಪ್ಲ್ಯಾನ್‌ನಲ್ಲಿ ನನಗೆ ಬೇಕಾಗಿದ್ದುದು ಯೋಸೆಫೊವ್, ಅಂದರೆ ಅಲ್ಲಿನ ಹಳೆಯ ಯಹೂದಿ ಕೇರಿ. ಕೋಟೆ, ಸೇತುವೆ ಎಲ್ಲ ಆಮೇಲಿನ ಮಾತು. ನೀವು ಹೇಳಿದ ಹಾಗೆ ಮಧ್ಯಾಹ್ನ ಎರಡೂವರೆಗೆ ಹೋದರೆ ಯಹೂದಿ ಪ್ರಾರ್ಥನಾ ಮಂದಿರವಾದ ಪಿಂಕಾಸ್ ಸಿನಗಾಗ್‌ನ ಬಾಗಿಲು ಹಾಕಿತ್ತು. ಪಕ್ಕದ ಹಳೆಯ ಸ್ಮಶಾನಕ್ಕೂ ಬೀಗ. ಶನಿವಾರ ಯಹೂದಿಗಳ ಸಬ್ಬತ್ ದಿನ. ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾದರೆ ಶನಿವಾರ ಕತ್ತಲಾಗುವವರೆಗೆ ಅವರಿಗೆ ವಿಶ್ರಾಂತಿ. ಆ ಎರಡೂ ಜಾಗ ನೋಡಿಕೊಳ್ಳುವ ಯಹೂದಿ ಮ್ಯೂಸಿಯಂ ವರ್ಷವಿಡೀ ಶನಿವಾರ ತೆರೆಯುವುದೇ ಇಲ್ಲ.

ಬಾಗಿಲ ಮುಂದೆ ನಿಂತಿರುವಾಗಲೇ ನಿಮ್ಮ ಆಡಿಯೋ ಗೈಡ್ ತಾನಾಗಿ ಶುರುವಾಯಿತು. ‘ಈಗ ನೀವು ಒಳಗೆ ನಿಂತಿದ್ದೀರಿ, ಗೋಡೆಯ ಹತ್ತಿರ ಹೋಗಿ ನೋಡಿ’ ಅಂತ. ನಾನು ಹತ್ತಿರ ಹೋಗಿ ನೋಡಿದ್ದು ಬಾಗಿಲ ಹಿಡಿಯನ್ನು. ಒಳಗಿನ ಆ ಗೋಡೆಗಳ ಮೇಲೆ ನಾಜಿಗಳ ಕೈಯಲ್ಲಿ ಸತ್ತ, ಇಂದಿನ ಚೆಕ್ ದೇಶದ ಬೊಹೀಮಿಯಾ ಮತ್ತು ಮೊರೇವಿಯಾ ಪ್ರಾಂತ್ಯಗಳ ಹತ್ತಿರ ಹತ್ತಿರ 80,000 ಯಹೂದಿಗಳ ಹೆಸರುಗಳನ್ನು ಒಂದೊಂದಾಗಿ ಕೈಯಿಂದ ಬರೆದಿದ್ದಾರೆ. ಸ್ಮಶಾನದಲ್ಲಿರುವ ಅತಿ ಹಳೆಯ ಕಲ್ಲು 1439ರದು. ಅಲ್ಲಿ 1787ರವರೆಗೆ ಹೂಳುತ್ತಿದ್ದರು. ಜಾಗ ಸಾಲದೆ ಹಳೆಯ ಗೋರಿಗಳ ಮೇಲೇ ಮಣ್ಣು ಹಾಕಿ, ಪದರದ ಮೇಲೆ ಪದರ ಹೂಳಿದ್ದರಿಂದ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆಯಂತೆ. ‘ಅಂತೆ’ ಅನ್ನಬೇಕಾಗಿ ಬಂದಿರುವುದು ನಿಮ್ಮ ದಯೆಯಿಂದ. ಮರುದಿನ ಬೆಳಗ್ಗೆಯೇ ನನಗೆ ವಿಯೆನ್ನಾ ರೈಲು ಇತ್ತು. ನಿಮ್ಮ ವೋಚರ್ ಆ ಒಂದು ದಿನಕ್ಕೆ ಮಾತ್ರ.

ಅಲ್ಲಿಂದಲೇ ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ‘ಮೇಡಂ, ಅದು ಲೋಕಲ್ ಹಾಲಿಡೇ, ನಮ್ಮ ಕೈಲಿಲ್ಲ’ ಅಂದ ಆ ಹುಡುಗ. ಅವನನ್ನು ಬೈದು ಏನು ಪ್ರಯೋಜನ, ಅವನ ಮುಂದೆ ಬರೆದಿಟ್ಟದ್ದನ್ನು ಓದಿದ. ಆಮೇಲೆ ಬಂದ ಇಮೇಲ್‌ನಲ್ಲೂ ಅದೇ ಸಾಲು: ಸ್ಥಳೀಯ ರಜೆಗಳಿಗೆ ಕಂಪನಿ ಹೊಣೆಯಲ್ಲ. ಸ್ವಾಮಿ, ಮುಷ್ಕರ ಆದರೆ, ದಿಢೀರಂತ ರಜೆ ಕೊಟ್ಟರೆ ನಿಮ್ಮನ್ನು ಕೇಳುವುದಿಲ್ಲ. ಇದು ವಾರ ವಾರ ಬರುವ ಶನಿವಾರ. ಮಂಗಳವಾರ ಸಂತೆ ಇಲ್ಲದ ಊರಿಗೆ ಮಂಗಳವಾರ ಸಂತೆಗೆ ಅಂತ ಜನರನ್ನು ಬಸ್ ಹತ್ತಿಸಿದ ಹಾಗಾಯಿತು ನಿಮ್ಮ ಕೆಲಸ.

ಆ ಮಧ್ಯಾಹ್ನ ದಕ್ಕಿದ್ದು ಒಂದೇ, ಅದೂ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮೈಸೆಲೋವಾ ಬೀದಿಯಲ್ಲಿ ಯಹೂದಿ ಟೌನ್‌ಹಾಲ್ ಇದೆ. ಅದರ ಗೋಪುರದಲ್ಲಿ ಮಾಮೂಲಿ ಗಡಿಯಾರ, ಕೆಳಗೆ ಹೀಬ್ರೂ ಅಕ್ಷರಗಳ ಇನ್ನೊಂದು. ಹೀಬ್ರೂವನ್ನು ಬಲದಿಂದ ಎಡಕ್ಕೆ ಓದುತ್ತಾರಲ್ಲ, ಈ ಗಡಿಯಾರದ ಮುಳ್ಳೂ ಹಿಂದಕ್ಕೇ ತಿರುಗುತ್ತದೆ. ತಲೆ ಎತ್ತಿ ಮೇಲೊಮ್ಮೆ ಕೆಳಗೊಮ್ಮೆ ನೋಡುತ್ತಾ ತುಂಬ ಹೊತ್ತು ನಿಂತಿದ್ದೆ. ಬೀದಿಯಿಂದಲೇ ಕಾಣುತ್ತದೆ, ವೋಚರ್ ಬೇಡ, ಶನಿವಾರವೂ ಇರುತ್ತದೆ. ಪ್ಲ್ಯಾನ್ ಬರೆದವರು ಆ ಬೀದಿಯಲ್ಲಿ ಒಮ್ಮೆ ನಡೆದಿದ್ದರೂ ಬರೆಯುತ್ತಿದ್ದರು.

ನಡೆದಿಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಪಟ್ಟಿಯಲ್ಲಿ 12 ಗಂಟೆಗೆ ಹಳೇ ಪಟ್ಟಣದ ಖಗೋಳ ಗಡಿಯಾರ, 12:15ಕ್ಕೆ ಕೋಟೆಯಲ್ಲಿ ಕಾವಲು ಬದಲಾವಣೆ. ನಡುವೆ ವ್ಲ್ತಾವಾ ನದಿ ಇದೆ, ಆ ಕಡೆ ಗುಡ್ಡ ಇದೆ. ಹದಿನೈದು ನಿಮಿಷದಲ್ಲಿ ಹಾರಿ ಹೋಗಬೇಕೇ? ಸಾಲದ್ದಕ್ಕೆ ಬ್ಯಾಂಡ್ ಬಾರಿಸುವ ದೊಡ್ಡ ಕಾವಲು ಬದಲಾವಣೆ ನಡೆಯುವುದೇ 12ಕ್ಕೆ. 1410ರ ಆ ಗಡಿಯಾರದ ಬೊಂಬೆಗಳ ಆಟವೋ, ಬೆಳಗ್ಗೆಯಿಂದ ರಾತ್ರಿಯವರೆಗೆ ಪ್ರತಿ ಗಂಟೆಗೂ ಇರುತ್ತದೆ. ನಾನೇ ಪಟ್ಟಿ ಬದಲಾಯಿಸಿಕೊಂಡೆ. ಬೆಳಗ್ಗೆ ಹೋಗಿ ಅಸ್ಥಿಪಂಜರ ಗಂಟೆ ಬಾರಿಸುವುದನ್ನು, ಕೊನೆಗೆ ಕೋಳಿ ಕೂಗುವುದನ್ನು ನೋಡಿಕೊಂಡು, 22ನೇ ನಂಬರ್ ಟ್ರಾಮ್ ಹತ್ತಿ ಹೊತ್ತಿಗೆ ಸರಿಯಾಗಿ ಕೋಟೆ ಸೇರಿದೆ.

ದುಡ್ಡಿನ ವಿಷಯ. ‘ಯೂರೋ ಇಟ್ಟುಕೊಂಡರೆ ಸಾಕು’ ಅಂತ ಬರೆದಿದ್ದೀರಿ. ಚೆಕ್ ದೇಶ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿದ್ದು ನಿಜ, ಆದರೆ ಅಲ್ಲಿ ಓಡುವುದು ಕೊರುನಾ. ಚೌಕದ ಹತ್ತಿರದ ಅಂಗಡಿಯೊಂದರಲ್ಲಿ ಬದಲಾಯಿಸಿ ಚೆನ್ನಾಗಿ ಕಳೆದುಕೊಂಡೆ. ರೇಟು ಸರಿಯಿಲ್ಲ ಅನ್ನಿಸಿದರೆ ರಸೀದಿ ತೋರಿಸಿ ಮೂರು ಗಂಟೆಯೊಳಗೆ ವಾಪಸ್ ಪಡೆಯಬಹುದು ಅಂತ 2019ರಿಂದ ಅಲ್ಲಿ ಕಾನೂನಿದೆ. ರಾತ್ರಿ ಹೋಟೆಲ್‌ನವರು ಹೇಳಿದಾಗ ಆ ಹೊತ್ತು ಮುಗಿದಿತ್ತು. ಪ್ಲ್ಯಾನ್‌ನಲ್ಲಿ ಇರಬೇಕಾಗಿದ್ದುದು ಇಂಥ ಮಾತು, ಅಲ್ವಾ?

ಊಟಕ್ಕೆ ಬಂದದ್ದು ಗುಲಾಶ್ ಅನ್ನುವ ಮಾಂಸದ ಸಾರು, ತುಂಡು ಮಾತ್ರ ತೆಗೆದದ್ದು. ಗ್ರೇವಿ ಅದೇ. ಎದ್ದು ಬಂದು ಸ್ವಂತ ದುಡ್ಡಲ್ಲಿ ಕರಿದ ಚೀಸ್ ತಿಂದೆ.

ಮುಂದಿನ ಪ್ರವಾಸಕ್ಕೆ 500 ರೂಪಾಯಿ ಕ್ರೆಡಿಟ್ ಕೊಡುತ್ತೇವೆ ಅಂದಿದ್ದೀರಿ. ಅದು ನನಗೆ ಬೇಡ. ಯೋಸೆಫೊವ್ ವೋಚರ್ ಮತ್ತು ಊಟದ ಹಣ ನಾನು ಕಟ್ಟಿದ ಖಾತೆಗೇ ವಾಪಸ್ ಬರಬೇಕು. ಶನಿವಾರದ ತಾರೀಖು ಹಾಕಿದವರಿಗೆ ಆ ಭಾಗ ಮಾರುವುದನ್ನು ಇವತ್ತೇ ನಿಲ್ಲಿಸಿ. ಈ ಪತ್ರ ಬರೆಯುವ ಮುಂಚೆ ಆ್ಯಪ್ ತೆರೆದು ನೋಡಿದೆ, ಮುಂದಿನ ಶನಿವಾರಕ್ಕೂ ‘ಕೆಲವೇ ಸೀಟು ಬಾಕಿ’ ಅಂತ ತೋರಿಸುತ್ತಿದೆ.

15 ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಊರಿನಲ್ಲೇ ಕೇಸು ಹಾಕಬಹುದು. ಹಿಯರಿಂಗ್‌ಗೆ ನೀವು ಮೈಸೂರಿಗೆ ಬರಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ,
ಮೈಸೂರು

ಲಗತ್ತು: ವೋಚರ್ ಪ್ರತಿ, ಮುಚ್ಚಿದ ಬಾಗಿಲಿನ ಫೋಟೋ, ಊಟದ ಬಿಲ್, ನಿಮ್ಮ ಇಮೇಲ್